ಬೀರುವಿನೊಳಗೆ ಎರಡು ಸಂಸಾರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಬೀರು ಜೋಡಿಸಿ ನೋಡು ಎಂಬ ಮೂರನೆಯ ಮಾತನ್ನು ಅವರು ಸೇರಿಸಲಿಲ್ಲ. ಸೇರಿಸುವ ಪ್ರಮೇಯವೂ ಇರಲಿಲ್ಲ. ಅವರ ಮನೆಗಳಲ್ಲಿ ಬೀರುವೇ ಇರಲಿಲ್ಲವಲ್ಲ! ನಿತ್ಯ ಉಡುವ ಬಟ್ಟೆ ಗಳುವಿನ ಮೇಲೆ ತೂಗುತ್ತಿತ್ತು. ಧಾರೆಯ ಸೀರೆ ಮರದ ಪೆಟ್ಟಿಗೆಯ ತಳದಲ್ಲಿ ಮಲಗಿರುತ್ತಿತ್ತು. ಗೋಡೆಯ ಗೂಡಿನಲ್ಲಿ ದೀಪ, ನಾಗಂದಿಗೆಯ ಮೇಲೆ ಜಾಡಿ, ಅಟ್ಟದ ಮೇಲೆ ಮಿಕ್ಕಿದ್ದೆಲ್ಲವೂ ಇರುತ್ತಿದ್ದವು. ಇಂದು ಗಳು ಹೋಯಿತು; ಗೂಡು ಮುಚ್ಚಿತು; ಅಟ್ಟವಿದ್ದಲ್ಲಿ ತಾರಸಿ ಬಂದಿತು. ಅವೆಲ್ಲವೂ ಹೊತ್ತಿದ್ದ ಭಾರ ಈಗ ಒಂದೇ ಒಂದು ಬೀರುವಿನ ಹೆಗಲಿಗೆ ಬಿದ್ದಿದೆ.

ಆ ಭಾರ ಬಟ್ಟೆಯದು ಮಾತ್ರವಾಗಿದ್ದರೆ ಚಿಂತೆಯಿರಲಿಲ್ಲ. ಆದರೆ ಮನೆಯೆಂದ ಮೇಲೆ ಅಲ್ಲಿ ಉಡುವವರಂತೆಯೇ ಕೂಡಿಡುವವರೂ ಇರುತ್ತಾರೆ. ಒಬ್ಬರಿಗೆ ಅಂಚೆಚೀಟಿಯ ಹುಚ್ಚು, ಒಬ್ಬರಿಗೆ ನಾಣ್ಯದ್ದು. ಒಬ್ಬರಿಗೆ ಬೊಂಬೆಗಳೇ ಪ್ರಾಣ, ಇನ್ನೊಬ್ಬರಿಗೆ ಬೆಂಕಿಪೊಟ್ಟಣದ ಚಿತ್ರಗಳು. ಇವುಗಳಿಗೂ ಆಶ್ರಯ ಆ ಬೀರುವೇ. ಉಡುವ ಸಂಸಾರ ಒಂದು, ಕೂಡಿಡುವ ಸಂಸಾರ ಇನ್ನೊಂದು. ಎರಡನ್ನೂ ಒಂದೇ ಬಾಗಿಲಿನ ಹಿಂದೆ ಜಗಳವಿಲ್ಲದೆ ಇರಿಸುವುದು ಹೇಗೆ?

ಪ್ರಶ್ನೆ ಪಟ್ಟಣವಾಸಿಗಳದು ಮಾತ್ರವಲ್ಲ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನಲ್ಲಿ ಬುಕ್ಕಾಪಟ್ಟಣವೆಂಬ ಹೋಬಳಿ ಕೇಂದ್ರವಿದೆ. ಸುತ್ತಲೂ ಕುರುಚಲು ಕಾಡು. ಆ ಕಾಡಿನಲ್ಲಿ ಅಲೆಯುವ ಚಿಂಕಾರಗಳ ರಕ್ಷಣೆಗಾಗಿ 2019ರಲ್ಲಿ ಅಲ್ಲಿ ವನ್ಯಧಾಮವೇ ಘೋಷಿತವಾಯಿತು. ಮಳೆ ಕಡಿಮೆಯ ಬಯಲುಸೀಮೆ. ಕುರಿ ಸಾಕಣೆ, ಕಂಬಳಿ ನೇಯ್ಗೆ ಈ ಸೀಮೆಯ ಹಳೆಯ ಕಸುಬುಗಳು. ಇಲ್ಲಿಯ ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಲಿ. ಮನೆಯ ಯಜಮಾನ ಶಾಲೆಯ ಉಪಾಧ್ಯಾಯ. ಗೃಹಿಣಿ, ಏಳನೆಯ ತರಗತಿಯ ಮಗಳು ಮತ್ತು ವೃದ್ಧೆಯಾದ ತಾಯಿ, ಹೀಗೆ ನಾಲ್ಕು ಜನ. ಬೀರು ಒಂದೇ, ಅದೂ ಮದುವೆಯ ವರ್ಷ ಕೊಂಡ ಉಕ್ಕಿನ ಬೀರು.

ಅದರೊಳಗೆ ಗೃಹಿಣಿಯ ರೇಷ್ಮೆ ಸೀರೆಗಳಿವೆ, ಯಜಮಾನರ ಪಂಚೆ ಅಂಗಿಗಳಿವೆ, ಅಜ್ಜಿಯ ಕರಿಯ ಕಂಬಳಿಯಿದೆ. ಅವುಗಳ ಸಂದಿನಲ್ಲಿ ಅಜ್ಜಿಯ ತವರಿನಿಂದ ಬಂದ ಪಟ್ಟದ ಬೊಂಬೆಗಳ ಜೋಡಿ, ಮಣ್ಣಿನ ಬೊಂಬೆಗಳ ಒಂದು ಡಬ್ಬ. ಯಜಮಾನರ ಹಳೆಯ ನಾಣ್ಯಗಳ ಒಂದು ಚೀಲ. ಮಗಳ ಅಂಚೆಚೀಟಿಯ ಆಲ್ಬಂ. ದೀಪಾವಳಿಗೆ ಹೊಸ ಸೀರೆ ಬಂದಾಗ ಮೊದಲು ಜಾಗ ಬಿಡಬೇಕಾದದ್ದು ಆಲ್ಬಂ. ಅದು ಮೊದಲು ಕೆಳಕ್ಕೆ ಇಳಿಯುತ್ತದೆ, ಅನಂತರ ಮಂಚದ ಕೆಳಗೆ, ಕೊನೆಗೆ ಒದ್ದೆಗೋಡೆಯ ಪಕ್ಕಕ್ಕೆ. ಒಂದು ಮಳೆಗಾಲ ಕಳೆದ ಮೇಲೆ ಮಗಳು ಅದನ್ನು ಬಿಡಿಸಿ ನೋಡಿದರೆ, ಚೀಟಿಗಳ ಅಂಟು ನೀರು ಕುಡಿದು ಪುಟಕ್ಕೆ ಪುಟವೇ ಕಚ್ಚಿಕೊಂಡಿದೆ. ಕಣ್ಣೀರು ಬರುತ್ತದೆ. “ಕಾಗದದ ಚೂರಿಗೆ ಇಷ್ಟೊಂದು ಅಳುವೆ?” ಎಂದು ದೊಡ್ಡವರು ನಗುತ್ತಾರೆ. ಇಂಥ ನಗು ಎಷ್ಟು ಮನೆಗಳಲ್ಲಿ ಎಷ್ಟು ಹವ್ಯಾಸಗಳನ್ನು ಮುಗಿಸಿದೆಯೋ ಎಣಿಸಿದವರಿಲ್ಲ.

ಹೆಸರಿನಲ್ಲೇ ಇರುವ ಉತ್ತರ

ಬೀರು ಬಟ್ಟೆಗಾಗಿಯೇ ಇರುವುದು, ಉಳಿದದ್ದೆಲ್ಲ ಅತಿಕ್ರಮಣ ಎಂಬ ವಾದ ಮನೆಗಳಲ್ಲಿ ಕೇಳಿಬರುವುದುಂಟು. ಆ ವಾದಕ್ಕೆ ಬೀರು ಎಂಬ ಹೆಸರೇ ಒಪ್ಪುವುದಿಲ್ಲ. ಇದು ‘ಬ್ಯೂರೋ’ ಎಂಬ ಫ್ರೆಂಚ್ ಮಾತಿನ ಕನ್ನಡ ರೂಪ. ಆ ಫ್ರೆಂಚ್ ಪದದ ಬೇರು ಒಂದು ಬಗೆಯ ಒರಟು ಉಣ್ಣೆಬಟ್ಟೆಯ ಹೆಸರಿನಲ್ಲಿದೆ. ಬರೆಯುವ ಮೇಜಿನ ಮೇಲೆ ಆ ಬಟ್ಟೆಯನ್ನು ಹಾಸುತ್ತಿದ್ದರು. ಬಟ್ಟೆಯ ಹೆಸರು ಮೇಜಿಗೆ ಬಂದಿತು; ಮೇಜಿನಿಂದ ಕಾಗದಪತ್ರಗಳನ್ನಿಡುವ ಅರೆಗಳಿಗೆ, ಅಲ್ಲಿಂದ ಕಚೇರಿಗೆ ಹರಡಿತು. ಇತ್ತ ಕನ್ನಡದ ಮನೆಗೆ ಬಂದಾಗ ಅದೇ ಮಾತು ಬಟ್ಟೆಯ ಕಪಾಟಾಯಿತು. ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯಲ್ಲಿ ಸಂಗ್ರಾಹಕರಿಗೆ ಅಂಚೆಚೀಟಿ ಮಾರುವ ವಿಭಾಗಕ್ಕೂ ‘ಫಿಲಾಟೆಲಿಕ್ ಬ್ಯೂರೋ’ ಎಂದೇ ಹೆಸರು.

ಎಂದ ಮೇಲೆ ಬೀರುವಿನ ವಂಶಾವಳಿಯಲ್ಲಿ ಕಂಬಳಿಗೂ ಕಾಗದಕ್ಕೂ ಸಮಪಾಲು ಉಂಟು. ಬುಕ್ಕಾಪಟ್ಟಣದ ಅಜ್ಜಿಯ ಕಂಬಳಿಯೂ ಮೊಮ್ಮಗಳ ಅಂಚೆಚೀಟಿಯೂ ಅದರೊಳಗೆ ಹಕ್ಕಿನಿಂದಲೇ ಇರತಕ್ಕವು.

ಸಮಾನ ಶತ್ರುಗಳು

ಹಕ್ಕಿನ ಮಾತು ಹಾಗಿರಲಿ. ರಕ್ಷಣೆಯ ದೃಷ್ಟಿಯಿಂದ ನೋಡಿದರೂ ಬಟ್ಟೆ ಮತ್ತು ಸಂಗ್ರಹಗಳು ಒಂದೇ ಪಕ್ಷದವು. ಅವುಗಳ ಶತ್ರುಗಳು ಬಹುಮಟ್ಟಿಗೆ ಒಂದೇ.

ಬೆಳ್ಳಿಮೀನು ಎಂದು ಕರೆಯುವ ನುಣುಪಾದ ಹುಳುವಿಗೆ ಗಂಜಿಯ ಮೇಲೆ ಬಲು ಆಸೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿಯ ಸೀರೆಯನ್ನು ಅದು ಕೆರೆದು ತಿನ್ನುವಂತೆಯೇ ಪುಸ್ತಕದ ಬೆನ್ನನ್ನೂ ಅಂಚೆಚೀಟಿಯ ಹಿಂದಿನ ಅಂಟನ್ನೂ ತಿನ್ನುತ್ತದೆ. ನುಸಿಯ ಮರಿಹುಳು ಕಂಬಳಿ, ರೇಷ್ಮೆಗಳನ್ನು ತೂತು ಮಾಡುತ್ತದೆ. ಹಾರಾಡುವ ನುಸಿ ನಿರಪಾಯಿ, ತಿನ್ನುವುದು ಅದರ ಮರಿ. ಬೆವರಿನ ಕಲೆ, ಅಡುಗೆಯ ಜಿಡ್ಡು ಇರುವ ಬಟ್ಟೆಯೆಂದರೆ ಅದಕ್ಕೆ ಹಬ್ಬದೂಟ. ಒಮ್ಮೆ ಉಟ್ಟು ಬಿಚ್ಚಿದ ಸೀರೆಯನ್ನು ಗಾಳಿಗೆ ಹಾಕದೆ ಮಡಿಸಿಡುವುದೆಂದರೆ ಶತ್ರುವಿಗೆ ಎಲೆ ಹಾಕಿದಂತೆ. ಇನ್ನು ಬಯಲುಸೀಮೆಯ ಕೆಮ್ಮಣ್ಣಿನ ನೆಲದಲ್ಲಿ ಗೆದ್ದಲಿನ ಕಾಟವನ್ನು ಯಾರೂ ವಿವರಿಸಬೇಕಾಗಿಲ್ಲ. ಇವೆಲ್ಲಕ್ಕೂ ಬಾಗಿಲು ತೆರೆಯುವುದು ತೇವ. ಬಣ್ಣವನ್ನು ಕದಿಯುವುದು ಬಿಸಿಲು.

ಆದುದರಿಂದ ಬೀರು ಗೋಡೆಗೆ ಒರಗಬಾರದು. ನಾಲ್ಕು ಬೆರಳಿನಷ್ಟು ಎಡೆಯಿರಬೇಕು. ನೆಲದಿಂದ ಒಂದು ಇಟ್ಟಿಗೆಯಷ್ಟು ಎತ್ತರದಲ್ಲಿ ನಿಲ್ಲಬೇಕು. ಕಿಟಕಿಯ ಬಿಸಿಲು ನೇರವಾಗಿ ಬೀಳುವ ಕಡೆ ಇರಬಾರದು. ಉಕ್ಕಿನ ಬೀರುವನ್ನು ಗೆದ್ದಲು ತಿನ್ನಲಾರದು. ಆದರೆ ಅದಕ್ಕೆ ಉಸಿರಾಟ ಕಡಿಮೆ. ವಾರಕ್ಕೊಮ್ಮೆ ಒಣಹವೆಯ ಹೊತ್ತಿನಲ್ಲಿ ಬಾಗಿಲು ತೆರೆದಿಡಬೇಕು. ಔಷಧಿಯ ಸೀಸೆಗಳಲ್ಲಿ ಬರುವ ಸಿಲಿಕಾ ಹರಳಿನ ಪೊಟ್ಟಣಗಳು ತೇವವನ್ನು ಹೀರಿಕೊಳ್ಳುತ್ತವೆ. ಹೊಸದನ್ನು ಅರೆಗೊಂದರಂತೆ ಇರಿಸಬಹುದು.

ಬಿಳಿಯ ಗುಳಿಗೆಯ ಕಥೆ

ನುಸಿಯೆಂದೊಡನೆ ಗೃಹಿಣಿಯ ಕೈ ನ್ಯಾಫ್ತಲೀನ್ ಗುಳಿಗೆಯ ಕಡೆಗೆ ಚಾಚುತ್ತದೆ. ಇಲ್ಲಿ ಎಚ್ಚರಿಕೆ ಅವಶ್ಯ. ಈ ಗುಳಿಗೆಯ ಆವಿ ಹುಳುವಿಗೆ ಮಾತ್ರವೇ ವಿಷವಲ್ಲ. ಕೆಲವು ಶಿಶುಗಳ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆಯಿರುತ್ತದೆ. ಅಂಥ ಮಗುವಿಗೆ ಗುಳಿಗೆಯ ನಡುವೆ ಇಟ್ಟಿದ್ದ ಬಟ್ಟೆಯನ್ನು ಹಾಗೆಯೇ ತೊಡಿಸಿದರೆ ಕೆಂಪು ರಕ್ತಕಣಗಳು ಒಡೆದು ತೀವ್ರವಾದ ಕಾಮಾಲೆ ಉಂಟಾಗಬಹುದು. ಐರೋಪ್ಯ ಒಕ್ಕೂಟದಲ್ಲಿ 2008ರಲ್ಲಿ ಈ ಗುಳಿಗೆಗಳ ಮಾರಾಟವನ್ನೇ ನಿಷೇಧಿಸಲಾಯಿತು. ಹಸುಗೂಸಿರುವ ಮನೆಯಲ್ಲಿ, ತೊಟ್ಟಿಲಿನ ಬಟ್ಟೆಯಿರುವ ಬೀರುವಿನಲ್ಲಿ ಇದು ಬೇಡವೇ ಬೇಡ. ಸಂಗ್ರಹಕ್ಕೂ ಇದು ಹಿತವಲ್ಲ. ಇದರ ಆವಿಗೆ ಕೆಲವು ಬಗೆಯ ಪ್ಲಾಸ್ಟಿಕ್ಕುಗಳು ಮೆತ್ತಗಾಗುತ್ತವೆ.

ಅಜ್ಜಿಯ ಕಾಲದ ಬೇವಿನೆಲೆ, ಬಜೆ, ಲಾವಂಚದ ಬೇರುಗಳನ್ನು ಚೆನ್ನಾಗಿ ಒಣಗಿಸಿ ಸಣ್ಣ ಬಟ್ಟೆಯ ಚೀಲಗಳಲ್ಲಿ ಇರಿಸುವುದು ಇದಕ್ಕಿಂತ ಲೇಸು. ಎಲೆ ರೇಷ್ಮೆಗೆ ತಾಗಿದರೆ ಕಲೆಯಾಗುವ ಸಂಭವವಿರುವುದರಿಂದ ಚೀಲ ಅವಶ್ಯ. ಇವು ಹುಳುವನ್ನು ದೂರವಿಡಲು ನೆರವಾಗುತ್ತವೆ. ಆಗಲೇ ಒಳಹೊಕ್ಕಿರುವುದನ್ನು ಕೊಲ್ಲುತ್ತವೆಂದು ನಂಬಿ ಕೂರಬಾರದು. ಕೊಡವುವುದು, ಹಲ್ಲುಜ್ಜಿಯಂಥ ಕುಂಚದಿಂದ ಮಡಿಕೆಗಳನ್ನು ಉಜ್ಜುವುದು, ಗಾಳಿಗೆ ಹಾಕುವುದು ಇವೇ ಖಚಿತವಾದ ಮದ್ದು.

ಅರೆಗಳ ಹಂಚಿಕೆ

ಇನ್ನು ಬುಕ್ಕಾಪಟ್ಟಣದ ಆ ಮನೆಯ ಬೀರುವನ್ನು ಬರಿದು ಮಾಡಿ ಮತ್ತೆ ಜೋಡಿಸೋಣ. ಭಾರವಾದದ್ದು ಕೆಳಗೆ, ಹಗುರವಾದದ್ದು ಮೇಲೆ. ನಿತ್ಯ ಬೇಕಾದದ್ದು ಕೈಗೆ, ವರ್ಷಕ್ಕೊಮ್ಮೆ ಬೇಕಾದದ್ದು ಮೂಲೆಗೆ ಎಂಬುದು ಮೊದಲನೆಯ ಸೂತ್ರ.

ಎಲ್ಲಕ್ಕಿಂತ ಮೇಲಿನ ಅರೆ ಕಂಬಳಿಗೆ. ಅದನ್ನು ಒಗೆದ ಹತ್ತಿಯ ಚೀಲದಲ್ಲಿಟ್ಟು ಬಾಯಿ ಕಟ್ಟಬೇಕು. ಇಷ್ಟು ದೂರ ಕಳುಹಿಸುವುದಕ್ಕೆ ಕಾರಣವುಂಟು. ಉಣ್ಣೆಯಲ್ಲಿ ಗಂಧಕದ ಅಂಶವಿದೆ. ಗಂಧಕಕ್ಕೂ ಬೆಳ್ಳಿಗೂ ಆಗಿಬರುವುದಿಲ್ಲ. ಅದು ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಅಪ್ಪಟ ಜರಿಯೆಂದರೆ ಬೆಳ್ಳಿಯ ಎಳೆಗೆ ಚಿನ್ನದ ಲೇಪ. ಆದುದರಿಂದ ಜರಿಯ ಸೀರೆಯೂ ಬೆಳ್ಳಿಯ ನಾಣ್ಯವೂ ಕಂಬಳಿಯ ನೆರೆಮನೆಯಲ್ಲಿ ಇರಬಾರದು. ರಬ್ಬರಿನ ಉಂಗುರಗಳಿಗೂ ಇದೇ ನಿಯಮ. ಸೀರೆಯ ಪೆಟ್ಟಿಗೆಗಾಗಲಿ ನಾಣ್ಯದ ಪೊಟ್ಟಣಕ್ಕಾಗಲಿ ರಬ್ಬರ್ ಹಾಕುವ ಅಭ್ಯಾಸವನ್ನು ಇಂದೇ ಬಿಡಬೇಕು.

ಎರಡನೆಯ ಅರೆ ರೇಷ್ಮೆಗೆ. ಒಂದೊಂದು ಸೀರೆಯನ್ನೂ ಹಳೆಯ ಮೆತ್ತನೆಯ ಪಂಚೆಯಲ್ಲಿ ಸುತ್ತಿಡಬೇಕು; ಪ್ಲಾಸ್ಟಿಕ್ ಚೀಲದಲ್ಲಿ ತೇವ ಸೆರೆಯಾಗುತ್ತದೆ. ಜರಿ ಮುರಿಯುವುದು ಮಡಿಕೆಯಲ್ಲಿ. ಮೂರು ತಿಂಗಳಿಗೊಮ್ಮೆ ಬಿಡಿಸಿ ಮಡಿಕೆಯ ಜಾಗವನ್ನು ಬದಲಿಸಿದರೆ ಸೀರೆ ತಾಯಿಯಿಂದ ಮಗಳಿಗೆ ದಾಟಿಹೋಗುವಷ್ಟು ಬಾಳುತ್ತದೆ. ಕಾದಿಡುವ ಬಟ್ಟೆಗೆ ಗಂಜಿ ಬೇಡ.

ಮೂರನೆಯ ಅರೆ ನಿತ್ಯದ ಬಟ್ಟೆಗೆ. ಅದರ ಒಂದು ಪಾರ್ಶ್ವದಲ್ಲಿ ಒಂದು ಗೇಣು ಅಗಲದ ಜಾಗವನ್ನು ರಟ್ಟಿನಿಂದಲೋ ಹಲಗೆಯಿಂದಲೋ ಬೇರ್ಪಡಿಸಿದರೆ ಅದೇ ಮಗಳ ಅಂಚೆಚೀಟಿಯ ಮನೆ. ಆಲ್ಬಮ್ಮುಗಳನ್ನು ಪುಸ್ತಕದಂತೆ ನಿಲ್ಲಿಸಬೇಕು. ಒಂದರ ಮೇಲೊಂದು ಹೇರಿದರೆ ಒತ್ತಡಕ್ಕೆ ಚೀಟಿಗಳು ಪುಟಕ್ಕೆ ಕಚ್ಚಿಕೊಳ್ಳುತ್ತವೆ. ಗೋಂದಿನಿಂದ ಅಂಟಿಸುವುದು ತಪ್ಪು. ಅದಕ್ಕೆಂದೇ ದೊರೆಯುವ ತೆಳು ಕಾಗದದ ಕೀಲುಗಳಿವೆ, ಪಟ್ಟಿಗಳುಳ್ಳ ಪುಸ್ತಕಗಳಿವೆ. ಬೆರಳಿನ ಬೆವರು ತಾಗದಂತೆ ಚಿಮಟದಿಂದ ಎತ್ತಬೇಕು.

ಮಳೆಗಾಲದಲ್ಲಿ ಕಚ್ಚಿಕೊಂಡ ಆ ಪುಟಗಳ ಗತಿಯೇನು? ನಿರಾಶೆ ಬೇಡ. ಮುದ್ರೆ ಬಿದ್ದ ಹಳೆಯ ಚೀಟಿಗಳಲ್ಲಿ ಬಹುಪಾಲನ್ನು ತಣ್ಣೀರಿನಲ್ಲಿ ತೇಲಿಬಿಟ್ಟರೆ ಸ್ವಲ್ಪ ಹೊತ್ತಿಗೆ ತಾವೇ ಬಿಟ್ಟುಕೊಳ್ಳುತ್ತವೆ. ಒತ್ತುಕಾಗದದ ನಡುವೆ ಒಣಗಿಸಿದರೆ ಮತ್ತೆ ನೇರವಾಗುತ್ತವೆ. ಬಣ್ಣ ಬಿಡುವ ಚೀಟಿಗಳೂ ಕೆಲವಿರುವುದರಿಂದ ಒಂದನ್ನು ಮೊದಲು ಪರೀಕ್ಷಿಸಿ ನೋಡಬೇಕು. ಮುದ್ರೆ ಬೀಳದ ಹೊಸ ಚೀಟಿಗೆ ಮಾತ್ರ ಈ ಚಿಕಿತ್ಸೆ ಸಲ್ಲದು. ಅಂಟು ಹೋದರೆ ಅದರ ಬೆಲೆಯೂ ಹೋಗುತ್ತದೆ. ಸ್ವತಂತ್ರ ಭಾರತದ ಮೊದಲನೆಯ ಅಂಚೆಚೀಟಿ 1947ರ ನವೆಂಬರ್ 21ರಂದು ಹೊರಬಂದಿತು. ಮೂರೂವರೆ ಆಣೆಯ ಆ ಚೀಟಿಯ ಮೇಲೆ ತ್ರಿವರ್ಣ ಧ್ವಜವಿತ್ತು. ಯಾವ ಮನೆಯ ಹಳೆಯ ಕಾಗದಗಳ ಕಟ್ಟಿನಲ್ಲಿ ಅಂಥದು ಅಡಗಿದೆಯೋ ಹೇಳಬಲ್ಲವರಾರು?

ಬೀರುವಿನ ಬೀಗದ ಅರೆ ನಾಣ್ಯಕ್ಕೆ. ಅಡಿಯ ಅರೆ ಬೊಂಬೆಗಳಿಗೆ. ಇವೆರಡರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು.

ಹುಣಿಸೆಹಣ್ಣಿನ ಅಪಾಯ

ಶಿರಾ ಸೀಮೆಯವರಿಗೆ ನಾಣ್ಯದ ಹವ್ಯಾಸ ಸಹಜವಾದದ್ದು. ಮೊಗಲರು 1687ರಲ್ಲಿ ಶಿರಾವನ್ನು ತಮ್ಮ ಸುಬೆಯ ರಾಜಧಾನಿಯಾಗಿ ಮಾಡಿಕೊಂಡರು. ಆ ಊರಿನ ಹೆಸರನ್ನು ಹೊತ್ತ ರೂಪಾಯಿಗಳು ಅಲ್ಲಿಯ ಟಂಕಸಾಲೆಯಿಂದ ಹೊರಬಂದವು. ಉಪಾಧ್ಯಾಯರ ಚೀಲದಲ್ಲಿರುವುದು ಅಷ್ಟು ದೊಡ್ಡದೇನಲ್ಲ. ಟಿಪ್ಪೂ ಸುಲ್ತಾನನ ಕಾಲದ, ಆನೆಯ ಚಿತ್ರವುಳ್ಳ ಒಂದು ತಾಮ್ರದ ಕಾಸು. ಎರಡನೆಯ ಮಹಾಯುದ್ಧದ ಕಾಲದಲ್ಲಿ ತಾಮ್ರ ಉಳಿಸಲೆಂದು ಹೊರಡಿಸಿದ ತೂತಿನ ಕಾಸು. 1957ರ ಏಪ್ರಿಲ್ 1ರಿಂದ ಆಣೆಯ ಲೆಕ್ಕ ಹೋಗಿ ಬಂದ ನಯಾಪೈಸೆ. ಅಂಚಿಗೆ ಅಲೆಯುಳ್ಳ ಅಲ್ಯುಮಿನಿಯಮ್ಮಿನ ಹತ್ತು ಪೈಸೆ. 2011ರ ಜೂನ್ 30ರಿಂದ ನಾಲ್ಕಾಣೆಯ ನಾಣ್ಯವೂ ಚಲಾವಣೆಯಿಂದ ಹೊರಬಿದ್ದಿತು. ಹಿಂದಿನ ದಿನದವರೆಗೆ ಮಿಠಾಯಿ ಕೊಳ್ಳುತ್ತಿದ್ದ ಕಾಸು ಅಂದಿನಿಂದ ಚರಿತ್ರೆಯ ವಸ್ತುವಾಯಿತು! ಮೊಬೈಲಿನಲ್ಲೇ ಹಣ ಕೈಬದಲಾಗುವ ಈ ದಿನಗಳಲ್ಲಿ ಉಳಿದ ನಾಣ್ಯಗಳಿಗೂ ಅದೇ ಯೋಗ ಬರುತ್ತಿರುವಂತೆ ತೋರುತ್ತದೆ.

ಈ ಚೀಲಕ್ಕೆ ಕಳ್ಳರಿಗಿಂತ ಹೆಚ್ಚಿನ ಭಯ ಮನೆಯ ಅಚ್ಚುಕಟ್ಟಿನಿಂದ. ಹಬ್ಬದ ಮುನ್ನಾದಿನ ದೇವರ ಪಾತ್ರೆಗಳಿಗೆ ಹುಣಿಸೆಹಣ್ಣು ಹಚ್ಚುವಾಗ, ಕರ್ರಗಿರುವ ಆ ಕಾಸುಗಳನ್ನೂ ಅದರೊಡನೆ ತಿಕ್ಕಿ ಥಳಥಳಿಸುವಂತೆ ಮಾಡಿಬಿಡುವ ಗೃಹಿಣಿಯರುಂಟು. ಮನಸ್ಸು ಒಳ್ಳೆಯದು, ಫಲ ಕೆಟ್ಟದ್ದು. ತಾಮ್ರದ ಮೇಲೆ ಕಾಲ ಹೊದಿಸಿದ ಆ ಕಂದುಛಾಯೆಯೇ ನಾಣ್ಯದ ರಕ್ಷಾಕವಚ, ಅದರ ವಯಸ್ಸಿನ ಸಾಕ್ಷಿ. ಹುಣಿಸೆಯ ಹುಳಿ ಆ ಛಾಯೆಯನ್ನು ಕರಗಿಸುತ್ತದೆ. ತಿಕ್ಕುವ ನಾರು ಅಕ್ಷರಗಳನ್ನು ಸವೆಸುತ್ತದೆ. ಒಮ್ಮೆ ಹೋದದ್ದು ಮರಳಿ ಬಾರದು. ನಾಣ್ಯವನ್ನು ತೊಳೆಯದಿರುವುದೇ ಅದಕ್ಕೆ ಮಾಡುವ ಉಪಚಾರ.

ಒಂದೊಂದನ್ನೂ ಅಂಚಿನಲ್ಲಿ ಹಿಡಿದು, ಒಂದೊಂದು ಸಣ್ಣ ಕಾಗದದ ಲಕೋಟೆಯಲ್ಲಿಟ್ಟು, ಮೇಲೆ ಅದರ ವಿವರವನ್ನೂ ಎಲ್ಲಿ, ಯಾರಿಂದ ದೊರೆಯಿತೆಂಬುದನ್ನೂ ಬರೆಯಬೇಕು. ಅಗ್ಗದ ಮೆತ್ತನೆಯ ಪಿ.ವಿ.ಸಿ. ಪ್ಲಾಸ್ಟಿಕ್ ಹಾಳೆಗಳು ಬೇಡ. ಅವು ಕಾಲಕ್ರಮದಲ್ಲಿ ಆಮ್ಲವನ್ನು ಬಿಡುವುದರಿಂದ ತಾಮ್ರದ ಮೇಲೆ ಹಸಿರು ಜಿಗುಟು ಕೂರುತ್ತದೆ. ಎಲ್ಲವನ್ನೂ ಒಂದೇ ಚೀಲದಲ್ಲಿ ಝಣಝಣಿಸಲು ಬಿಟ್ಟರೆ ಒಂದು ಇನ್ನೊಂದನ್ನು ಗೀರುತ್ತದೆ.

ಬೊಂಬೆ ಹಬ್ಬದ ಲೆಕ್ಕಾಚಾರ

ಅಡಿಯ ಅರೆ ಅಜ್ಜಿಯದು. ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಮದುವಣಗಿತ್ತಿಗೆ ತವರಿನವರು ಮರದ ರಾಜ-ರಾಣಿಯರ ಜೋಡಿಯನ್ನು ಕೊಟ್ಟು ಕಳುಹಿಸುವುದು ಪದ್ಧತಿ. ಅವೇ ಪಟ್ಟದ ಬೊಂಬೆಗಳು. ನವರಾತ್ರಿಯಲ್ಲಿ ಮೆಟ್ಟಿಲುಗಳ ಮೇಲೆ ಮೊದಲ ಮರ್ಯಾದೆ ಅವುಗಳಿಗೆ. ಉಳಿದ ದಿನಗಳಲ್ಲಿ ಅವು ಸೀರೆಗಳ ನಡುವೆ ಅಜ್ಞಾತವಾಸ ಮಾಡುತ್ತವೆ. ಬಟ್ಟೆಯೂ ಸಂಗ್ರಹವೂ ಒಂದೇ ಪೆಟ್ಟಿಗೆಯಲ್ಲಿ ಬಾಳಬಹುದೆಂಬುದನ್ನು ಕನ್ನಡದ ಹೆಂಗಸರು ಎಂದೋ ಕಂಡುಕೊಂಡಿದ್ದರು.

ಅವರ ಕ್ರಮವನ್ನು ಗಮನಿಸಬೇಕು. ಬೊಂಬೆಗಳನ್ನು ಸುತ್ತುತ್ತಿದ್ದದ್ದು ಉಟ್ಟು ಮೆತ್ತಗಾದ ಹಳೆಯ ಸೀರೆಯ ತುಂಡುಗಳಿಂದ. ಇಂದಿನವರು ಬಳಸುವ ವೃತ್ತಪತ್ರಿಕೆಗಿಂತ ಅದು ಮೇಲು. ಪತ್ರಿಕೆಯ ಕಾಗದದಲ್ಲಿ ಆಮ್ಲವಿರುತ್ತದೆ, ಅದರ ಮಸಿ ಬೊಂಬೆಯ ಕೆನ್ನೆಗೆ ಮೆತ್ತಿಕೊಳ್ಳುತ್ತದೆ. ಮಣ್ಣಿನ ಬೊಂಬೆಯನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು. ಮೆತ್ತನೆಯ ಕುಂಚದಿಂದ ಧೂಳು ತೆಗೆದರೆ ಸಾಕು. ಚನ್ನಪಟ್ಟಣದ ಅರಗಿನ ಬೊಂಬೆಗಳನ್ನು ಬಿಸಿಗೆ ಒಡ್ಡಬಾರದು. ಪ್ರತಿಯೊಂದನ್ನೂ ತಲೆ ಮೇಲಾಗಿ ನಿಲ್ಲಿಸಿ, ಸಂದುಗಳಿಗೆ ಬಟ್ಟೆ ತುಂಬಿದರೆ ಬೀರು ಅಲುಗಿದರೂ ಮೂಗು ಮುರಿಯುವುದಿಲ್ಲ.

ಇನ್ನೊಂದು ಲಾಭ ಹಬ್ಬದ ಮರೆಯಲ್ಲಿತ್ತು. ವರ್ಷಕ್ಕೊಮ್ಮೆ ಬೊಂಬೆಗಾಗಿ ಪೆಟ್ಟಿಗೆಯನ್ನು ಬರಿದು ಮಾಡಲೇಬೇಕು. ಆಗ ನುಸಿ ಕಾಣುತ್ತದೆ, ಕಲೆ ಕಾಣುತ್ತದೆ, ಕಳೆದುಹೋಯಿತೆಂದುಕೊಂಡದ್ದು ಸಿಕ್ಕುತ್ತದೆ. ವಸ್ತುಸಂಗ್ರಹಾಲಯಗಳು ಇಂದು ವಾರ್ಷಿಕ ತಪಾಸಣೆ ಎಂದು ಕರೆಯುವ ಕೆಲಸವನ್ನು ಅಜ್ಜಿಯರು ಹಬ್ಬವೆಂದು ಕರೆದು ಮಾಡುತ್ತಿದ್ದರು. ಆದರೆ ಬುಕ್ಕಾಪಟ್ಟಣದಂಥ ಬಯಲುಸೀಮೆಯಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ, ನವರಾತ್ರಿಯೂ ಆಗಲೇ. ಆದುದರಿಂದ ವಿಜಯದಶಮಿಯ ಮರುದಿನವೇ ಎಲ್ಲವನ್ನೂ ಮುಚ್ಚಿಡುವ ಅವಸರ ಬೇಡ. ಮೋಡ ಸರಿದು ಎರಡು ದಿನ ಒಣಗಾಳಿ ಬೀಸಲಿ, ಆಮೇಲೆ ಒಳಗಿಡಬಹುದು. ಶಿವರಾತ್ರಿಯ ಒಣಹವೆಯಲ್ಲಿ ಇನ್ನೊಮ್ಮೆ ತೆರೆದು ನೋಡಿದರೆ ವರ್ಷದ ಕೆಲಸ ಮುಗಿಯಿತು.

ಎಲ್ಲವನ್ನೂ ಜೋಡಿಸಿದ ಮೇಲೆ ಬಾಗಿಲಿನ ಒಳಮೈಗೆ ಒಂದು ಪಟ್ಟಿ ಅಂಟಿಸಬೇಕು. ಯಾವ ಅರೆಯಲ್ಲಿ ಏನು, ಯಾರದು ಎಂಬುದು ಅದರಲ್ಲಿರಲಿ. ಬೊಂಬೆ ಯಾವ ವರ್ಷದ ಮದುವೆಯದು, ಆನೆಕಾಸು ಯಾವ ಅಜ್ಜನ ಕಾಲದ್ದು ಎಂಬುದೂ ಇರಲಿ. ಕಥೆ ಮರೆತ ವಸ್ತು ಮುಂದಿನ ತಲೆಮಾರಿಗೆ ಗುಜರಿಯಾಗುತ್ತದೆ.

ಪೆಟ್ಟಿಗೆಯಿಂದ ಸಂಗ್ರಹಾಲಯಕ್ಕೆ

ಇಷ್ಟು ಸಣ್ಣ ಸಂಗ್ರಹಗಳಿಗೆ ಇಷ್ಟು ಉಪಚಾರವೇ ಎಂದು ಕೇಳುವವರು ಧರ್ಮಸ್ಥಳಕ್ಕೆ ಹೋದಾಗ ಡಾ. ವೀರೇಂದ್ರ ಹೆಗ್ಗಡೆಯವರ ವಸ್ತುಸಂಗ್ರಹಾಲಯವನ್ನು ನೋಡಬೇಕು. ಒಬ್ಬರ ಸಂಗ್ರಹಾಸಕ್ತಿ ಎಷ್ಟು ದೂರ ನಡೆಯಬಲ್ಲದೆಂಬುದಕ್ಕೆ ಅದು ನಿದರ್ಶನ. ಅದರ ಹೆಸರು ‘ಮಂಜೂಷಾ’, ಎಂದರೆ ಪೆಟ್ಟಿಗೆ. ರಾಮನಗರದ ಬಳಿಯ ಜಾನಪದ ಲೋಕವನ್ನು ಎಚ್. ಎಲ್. ನಾಗೇಗೌಡರು ಕಟ್ಟಿದ್ದು, ಹಳ್ಳಿಯ ಮನೆಗಳಲ್ಲಿ ನಿತ್ಯ ಬಳಕೆಯಲ್ಲಿದ್ದು ಮೂಲೆ ಸೇರಿದ ವಸ್ತುಗಳನ್ನೂ ಆದರದಿಂದ ಕೂಡಿಸಿ. ಇವೆರಡರಲ್ಲೂ ಇಂದು ಜನ ನಿಂತು ನೋಡುವ ಎಷ್ಟೋ ವಸ್ತುಗಳು ಒಂದು ಕಾಲದಲ್ಲಿ ಯಾರದೋ ಅಟ್ಟದಲ್ಲಿ, ಯಾರದೋ ಪೆಟ್ಟಿಗೆಯಲ್ಲಿ ಇದ್ದಂಥವೇ.

ಎಲ್ಲ ಬೀರುಗಳೂ ಸಂಗ್ರಹಾಲಯಗಳಾಗಬೇಕಾಗಿಲ್ಲ. ಮನೆಯ ಸದಸ್ಯರಲ್ಲಿ ಪ್ರತಿಯೊಬ್ಬರಿಗೂ ಅದರಲ್ಲಿ ಒಂದು ಗೇಣಾದರೂ ಸ್ವಂತ ನೆಲವಿದ್ದರೆ ಸಾಕು. ಬಟ್ಟೆಗೆ ಜಾಗ ಕೊಡುವಾಗ ಮನೆ ಅವರ ಮೈಯನ್ನು ಗಣನೆಗೆ ತಂದುಕೊಂಡಿರುತ್ತದೆ. ಹವ್ಯಾಸಕ್ಕೆ ಜಾಗ ಕೊಟ್ಟಾಗ ಅವರ ಮನಸ್ಸನ್ನು ಗಣಿಸಿದಂತಾಗುತ್ತದೆ.

ಬುಕ್ಕಾಪಟ್ಟಣದ ಆ ಮನೆಯಲ್ಲಿ ಈಗ ಮಗಳು ಚೀಟಿಗಳನ್ನು ನೀರಿನಿಂದ ಎತ್ತಿ ಒಣಗಿಸುತ್ತಿದ್ದಾಳೆಂದು ಭಾವಿಸೋಣ. ಮುಂದಿನ ದೀಪಾವಳಿಗೆ ಹೊಸ ಸೀರೆ ಬಂದೇ ಬರುತ್ತದೆ. ಅದಕ್ಕೆ ಜಾಗ ಬೇಕಾದಾಗ ಗೃಹಿಣಿಯ ಕೈ ಆಲ್ಬಮ್ಮಿನ ಕಡೆಗೆ ಹೋಗದೆ, ಹತ್ತು ವರ್ಷಗಳಿಂದ ಯಾರೂ ಉಡದ ಸೀರೆಯ ಕಡೆಗೆ ಹೋದರೆ ಬೀರು ಜೋಡಿಸಿದ್ದು ಸಾರ್ಥಕ. ಆ ಹಳೆಯ ಸೀರೆಯೂ ವ್ಯರ್ಥವಾಗುವುದಿಲ್ಲ. ಹತ್ತಿಯದಾಗಿದ್ದರೆ ಬೊಂಬೆಗಳಿಗೆ ಹೊದಿಕೆಯಾಗಿ ಅದೇ ಬೀರುವಿನ ಅಡಿಯ ಅರೆಗೆ ಮರಳುತ್ತದೆ.